ನಾಲ್ಕು ಗಂಟೆ ಆಡಿದೆ, ಒಂದೇ ಬಾಸ್ ಹತ್ತಿರ 20 ಸಲ ಸತ್ತೆ: ತಪ್ಪು ನನ್ನದಾ, ಗೇಮ್‌ದಾ?

ಪ್ರಶ್ನೆ: ಹೋದ ವಾರ ಒಂದು ಸೈಡ್‌ಸ್ಕ್ರೋಲಿಂಗ್ ಗೇಮ್ ಕೊಂಡೆ. ದೊಡ್ಡ ಮ್ಯಾಪ್, ಸುತ್ತಾಡಿ ದಾರಿ ಹುಡುಕಬೇಕು, ಕತ್ತಿ ಹಿಡಿದು ಹೊಡೆದಾಡಬೇಕು. ಮೊದಲ ಒಂದು ಗಂಟೆ ಖಾಲಿ ಖಾಲಿ ಅನ್ನಿಸಿತು. ಎರಡನೇ ಗಂಟೆಯಲ್ಲಿ ಇಷ್ಟವಾಯಿತು. ಆಮೇಲೆ ಮೊದಲ ದೊಡ್ಡ ಬಾಸ್, ಅಂದರೆ ದಾರಿ ತಡೆದು ನಿಲ್ಲುವ ಬಲಿಷ್ಠ ಶತ್ರು, ಬಂದ. ಅವನ ಹತ್ತಿರ 20 ಸಲ ಸತ್ತೆ. ಸತ್ತಾಗಲೆಲ್ಲ ಸೇವ್ ಜಾಗದಿಂದ ಅಲ್ಲಿಗೆ ಓಡಿ ಬರಲು ಎರಡು ನಿಮಿಷ ಬೇಕು. ಒಟ್ಟು ನಾಲ್ಕು ಗಂಟೆ ಆಡಿದ್ದೇನೆ. ‘ಹತ್ತು ಗಂಟೆ ಆಡು, ಆಮೇಲೆ ಚೆನ್ನಾಗಿದೆ’ ಅಂತಾನೆ ಗೆಳೆಯ. ತಪ್ಪು ನನ್ನದಾ, ಗೇಮ್‌ದಾ? ಈಸಿ ಮೋಡ್ ಹಾಕಿದರೆ ನಿಜವಾದ ಗೇಮ್ ತಪ್ಪಿಹೋಗುತ್ತಾ?

ಉತ್ತರ: ನೀವು 20 ಸಲ ಸತ್ತಿದ್ದು ದೊಡ್ಡ ವಿಷಯವಲ್ಲ. ಸತ್ತಾಗಲೆಲ್ಲ ಎರಡು ನಿಮಿಷ ಓಡಿ ಬರಬೇಕಾಗಿದ್ದು ದೊಡ್ಡ ವಿಷಯ. ನಿಮ್ಮ ಪ್ರಶ್ನೆ ಓದುವಾಗ ನನ್ನ ಕಣ್ಣು ನಿಂತಿದ್ದು ಅಲ್ಲೇ.

ಲೆಕ್ಕ ಹಾಕಿ ನೋಡಿ. 20 ಸಲ, ಸಲಕ್ಕೆ 2 ನಿಮಿಷ. ಅಂದರೆ 40 ನಿಮಿಷ ನೀವು ಬರೀ ಓಡಿದ್ದೀರಿ. ಗೊತ್ತಿಲ್ಲದ ಬಾಸ್ ಎದುರು ಒಂದು ನಿಮಿಷ ಉಳಿದರೆ ಅದೇ ಹೆಚ್ಚು. ಹಾಗಾದರೆ ಆ ಬಾಸ್ ಜೊತೆ ನೀವು ನಿಜವಾಗಿ ಹೊಡೆದಾಡಿದ್ದು ಜಾಸ್ತಿ ಅಂದರೆ 20 ನಿಮಿಷ. ಯಾವ ಆಟವೂ 20 ನಿಮಿಷದಲ್ಲಿ ಕೈಗೆ ಹತ್ತುವುದಿಲ್ಲ. ಆದರೆ ನಿಮ್ಮ ಮನಸ್ಸು ಲೆಕ್ಕ ಇಟ್ಟಿದ್ದು ಹಾಗಲ್ಲ, ‘ಒಂದು ಗಂಟೆ ಆಡಿದರೂ ಆಗಲಿಲ್ಲ’ ಅಂತ. ನನಗೆ ಇದು ಬರಲ್ಲ ಅನ್ನುವ ಬೇಸರ ಹುಟ್ಟುವುದು ಹೀಗೆ. ಅದರಲ್ಲಿ ಮೂರನೇ ಎರಡು ಪಾಲು ಆ ಓಟದಿಂದ ಬಂದಿದ್ದು.

ನಾನು ಹಲವು ವರ್ಷಗಳಿಂದ ಗೇಮ್‌ಗಳ ಲೆವೆಲ್ ಡಿಸೈನ್ ಮತ್ತು ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೇನೆ. ‘ಈ ಗೇಮ್ ತುಂಬಾ ಕಷ್ಟ’ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಶತ್ರು ಎಷ್ಟು ಜೋರಾಗಿ ಹೊಡೆಯುತ್ತಾನೆ ಅಂತ ಅಲ್ಲ. ಒಂದು ಸಲ ಸೋತರೆ ನಿಮ್ಮಿಂದ ಏನೇನು ಕಿತ್ತುಕೊಳ್ಳುತ್ತಾರೆ ಅಂತ. ಸಮಯವಾ, ಕೂಡಿಟ್ಟ ಹಣವಾ, ಹುಡುಕಿದ ದಾರಿಯಾ? ಸೋಲಿನ ಬೆಲೆ ಕಡಿಮೆ ಇದ್ದರೆ ಎಂಥ ಕಷ್ಟವನ್ನಾದರೂ ಜನ ತಡೆದುಕೊಳ್ಳುತ್ತಾರೆ.

ಮೆಟ್ರಾಯ್ಡ್ ಡ್ರೆಡ್ ಇದಕ್ಕೆ ಒಳ್ಳೆಯ ಉದಾಹರಣೆ. 2021ರಲ್ಲಿ ಬಂದ ಗೇಮ್. ಅದರಲ್ಲಿ ಎಮ್ಮಿ ಅನ್ನುವ ರೋಬೋಟ್‌ಗಳು ಬೆನ್ನಟ್ಟಿ ಬರುತ್ತವೆ. ಕೈಗೆ ಸಿಕ್ಕರೆ ಮುಗಿಯಿತು. ತಪ್ಪಿಸಿಕೊಳ್ಳಲು ಒಂದು ಕ್ಷಣದ ಅವಕಾಶ ಇರುತ್ತದೆ, ಆದರೆ ಅದು ಸಿಗುವುದು ಅಪರೂಪ. ಕೇಳಿದರೆ ಎಷ್ಟು ಕ್ರೂರ ಅನ್ನಿಸುತ್ತದೆ, ಅಲ್ವಾ? ಆದರೆ ಸತ್ತ ಮೇಲೆ ಗೇಮ್ ನಿಮ್ಮನ್ನು ಆ ರೋಬೋಟ್ ಇರುವ ವಲಯದ ಬಾಗಿಲಿನ ಹೊರಗೇ ನಿಲ್ಲಿಸುತ್ತದೆ. ಕೆಲವೇ ಸೆಕೆಂಡಿನಲ್ಲಿ ಮತ್ತೆ ಒಳಗೆ ಹೋಗಬಹುದು. ಭಯ ಪೂರ್ತಿ ಉಳಿಯುತ್ತದೆ, ಬೇಸರ ಹುಟ್ಟುವುದಿಲ್ಲ. ನಿಮ್ಮ ಬಾಸ್ ಬಾಗಿಲಲ್ಲಿ ಇಂಥದ್ದೊಂದು ಚೆಕ್‌ಪಾಯಿಂಟ್ ಇದ್ದಿದ್ದರೆ ನೀವು ನನಗೆ ಬರೆಯುತ್ತಲೇ ಇರಲಿಲ್ಲವೇನೋ.

ಹಾಗಂತ ಸಾವಿಗೆ ಬೆಲೆಯೇ ಇರಬಾರದು ಅಂತಲ್ಲ. 2017ರ ಹಾಲೋ ನೈಟ್‌ನಲ್ಲಿ ಸತ್ತರೆ ಕೂಡಿಟ್ಟ ಜಿಯೋ, ಅಂದರೆ ಆ ಲೋಕದ ಹಣ, ಸತ್ತ ಜಾಗದಲ್ಲೇ ನಿಮ್ಮ ನೆರಳಿನ ಜೊತೆ ಉಳಿಯುತ್ತದೆ. ಅಲ್ಲಿಗೆ ವಾಪಸ್ ಹೋಗಿ ಆ ನೆರಳನ್ನು ಹೊಡೆದರೆ ಅಷ್ಟೂ ಸಿಗುತ್ತದೆ. ಅದಕ್ಕೂ ಮೊದಲು ಇನ್ನೊಮ್ಮೆ ಸತ್ತರೆ ಹೋಯಿತು. ಈ ಬೆಲೆಯಿಂದಾಗಿಯೇ ಹೊಸ ಗುಹೆಗೆ ಇಳಿಯುವಾಗ ಎದೆ ಹೊಡೆದುಕೊಳ್ಳುತ್ತದೆ. ಸುತ್ತಾಟಕ್ಕೆ ಇಂಥ ಬೆಲೆ ಚೆನ್ನ. ಹೆಜ್ಜೆ ಕಲಿಯಬೇಕಾದ ಬಾಸ್ ಕಾಳಗಕ್ಕೆ ಚೆನ್ನಲ್ಲ. ಅದೇ ಗೇಮ್‌ನಲ್ಲೂ ಕೆಲವು ಬಾಸ್‌ಗಳ ಹತ್ತಿರ ಬೆಂಚ್ (ಆ ಗೇಮ್‌ನ ಸೇವ್ ಜಾಗ) ಇಲ್ಲದೆ ದೂರದಿಂದ ಓಡಿ ಬರಬೇಕು. ಆ ಗೇಮ್ ನನಗೆ ತುಂಬಾ ಇಷ್ಟ, ಆದರೂ ಆ ಓಟಗಳನ್ನು ನಾನು ಸಮರ್ಥಿಸುವುದಿಲ್ಲ.

ಈಗ ನಿಮ್ಮ ಮೊದಲ ಗಂಟೆಯ ವಿಷಯಕ್ಕೆ ಬರೋಣ. ಮೆಟ್ರಾಯ್ಡ್‌ವೇನಿಯಾ ಅಂತ ಕರೆಯುವ ಈ ಬಗೆಯ ಗೇಮ್‌ಗಳಿಗೆ ಒಂದು ಹುಟ್ಟುಗುಣ ಇದೆ. ಶುರುವಿನಲ್ಲಿ ನಾಯಕನ ಹತ್ತಿರ ಏನೂ ಇರುವುದಿಲ್ಲ. ಡ್ಯಾಶ್ (ಛಕ್ಕನೆ ಮುಂದೆ ನುಗ್ಗುವುದು) ಇಲ್ಲ, ಡಬಲ್ ಜಂಪ್ (ಗಾಳಿಯಲ್ಲೇ ಇನ್ನೊಮ್ಮೆ ಹಾರುವುದು) ಇಲ್ಲ, ಗೋಡೆ ಹತ್ತಲು ಬರುವುದಿಲ್ಲ. ಒಂದೊಂದೇ ಶಕ್ತಿ ಸಿಕ್ಕ ಹಾಗೆ ಮುಚ್ಚಿದ ದಾರಿಗಳು ತೆರೆಯುತ್ತವೆ. ಹಾಗಾಗಿ ನಾವು ಗೇಮ್ ಬಗ್ಗೆ ಅಭಿಪ್ರಾಯ ಕಟ್ಟಿಕೊಳ್ಳುವ ಹೊತ್ತಿಗೆ ನಾಯಕ ತನ್ನ ಇಡೀ ಪಯಣದಲ್ಲೇ ಅತ್ಯಂತ ಬಡವನಾಗಿರುತ್ತಾನೆ. ಆಡಲು ಕೈಯಲ್ಲಿ ಕಮ್ಮಿ, ಎದುರಿಗೆ ಕಷ್ಟ ಜಾಸ್ತಿ. ಬೇರೆ ಬಗೆಯ ಎಷ್ಟೋ ಗೇಮ್‌ಗಳಲ್ಲಿ ಕೊನೆಗೆ ಬರುವ ಕಷ್ಟ ಇಲ್ಲಿ ಎಷ್ಟೋ ಸಲ ಮೊದಲೇ ಬಂದು ಕೂತಿರುತ್ತದೆ.

ಖಾಲಿತನದಲ್ಲೂ ಎರಡು ಬಗೆ ಇದೆ. 1994ರ ಸೂಪರ್ ಮೆಟ್ರಾಯ್ಡ್ ನೋಡಿ. ನಾಯಕಿ ಸೇಮಸ್ ಜೆಬೆಸ್ ಗ್ರಹದಲ್ಲಿ ಇಳಿದಾಗ ಹೊರಗೆ ಮಳೆ, ಒಳಗೆ ಮೌನ. ಕೋಣೆಯ ಮೇಲೆ ಕೋಣೆ ದಾಟಿದರೂ ಒಬ್ಬ ಶತ್ರುವೂ ಇಲ್ಲ. ಕೆಳಗಿಳಿದು ಮಾರ್ಫ್ ಬಾಲ್ (ಚೆಂಡಿನಂತೆ ಉರುಳುವ ಶಕ್ತಿ) ಮತ್ತು ಮಿಸೈಲ್ ತೆಗೆದುಕೊಂಡು ಅದೇ ದಾರಿಯಲ್ಲಿ ಹಿಂದಿರುಗುತ್ತೀರಿ. ಈಗ ಅದೇ ಕೋಣೆಗಳಲ್ಲಿ ಶತ್ರುಗಳು ಕಾಯುತ್ತಿರುತ್ತಾರೆ. ಮೊದಲ ಸಲ ನೀವು ಸುಮ್ನೆ ನಡೆದು ಹೋಗಿದ್ದು ವ್ಯರ್ಥವಾಗಿರಲಿಲ್ಲ. ಎಲ್ಲಿ ಕಟ್ಟೆ ಇದೆ, ಎಲ್ಲಿಂದ ಎಲ್ಲಿಗೆ ಹಾರಬಹುದು ಅನ್ನುವುದನ್ನೆಲ್ಲ ಯಾರ ಕಾಟವೂ ಇಲ್ಲದೆ ಕಲಿತಿದ್ದೀರಿ. ಒಂದು ಸಾಲಿನ ಪಾಠವೂ ಪರದೆಯ ಮೇಲೆ ಬರುವುದಿಲ್ಲ. ಇಷ್ಟು ವರ್ಷದ ಮೇಲೂ ಹೊಸಬರಿಗೆ ಕೆಲಸ ಕಲಿಸುವಾಗ ನಾನು ತೋರಿಸುವುದು ಇದನ್ನೇ.

ಇನ್ನೊಂದು ಬಗೆಯ ಖಾಲಿತನದಲ್ಲಿ ಉದ್ದುದ್ದ ಹಾದಿಗಳಿರುತ್ತವೆ, ಅಷ್ಟೇ. ಏನೂ ಕಲಿಸುವುದಿಲ್ಲ, ಏನನ್ನೂ ತೋರಿಸಿ ಆಸೆ ಹುಟ್ಟಿಸುವುದಿಲ್ಲ. ನಿಮ್ಮ ಗೇಮ್ ಯಾವ ಬಗೆ ಅಂತ ತಿಳಿಯಲು ಹೀಗೆ ಮಾಡಿ. ಗೇಮ್ ತೆರೆಯದೆ ನೆನಪಿನಿಂದಲೇ ಹೇಳಿ: ಮೊದಲ ಗಂಟೆಯಲ್ಲಿ ‘ಇಲ್ಲಿಗೆ ಆಮೇಲೆ ಬರಬೇಕು’ ಅನ್ನಿಸಿದ ಜಾಗ ಎಷ್ಟಿದ್ದವು? ಎಟುಕದ ಕಟ್ಟೆ, ಒಡೆಯಲಾಗದ ಗೋಡೆ, ಆ ಕಡೆ ಹೊಳೆಯುತ್ತಿದ್ದ ವಸ್ತು, ಹೀಗೆ. ಮೂರ್ನಾಲ್ಕು ನೆನಪಿಗೆ ಬಂದರೆ ಆ ಗಂಟೆ ತನ್ನ ಕೆಲಸ ಮಾಡಿದೆ. ಒಂದೂ ನೆನಪಾಗದಿದ್ದರೆ ನಿಮ್ಮ ಬೇಸರ ನಿಜ. ಹತ್ತು ಗಂಟೆ ಆದ ಮೇಲೂ ಅದು ಪೂರ್ತಿ ಹೋಗಲಿಕ್ಕಿಲ್ಲ.

ನಿಮ್ಮ ಗೆಳೆಯ ಹೇಳಿದ್ದು ಅರ್ಧ ಸರಿ. ಶಕ್ತಿಗಳು ಆಮೇಲೆ ಬರುತ್ತವೆ, ಮ್ಯಾಪ್ ಆಮೇಲೆ ಅರಳುತ್ತದೆ. ಆದರೆ ನಾಯಕನನ್ನು ಓಡಿಸುವಾಗ, ಹಾರಿಸುವಾಗ ಕೈಗೆ ಸಿಗುವ ಹಿತ ಮೊದಲ ಹತ್ತು ನಿಮಿಷದಲ್ಲಿ ಹೇಗಿರುತ್ತದೋ ಕೊನೆಯವರೆಗೂ ಹಾಗೇ ಇರುತ್ತದೆ. ಶತ್ರುಗಳಿಲ್ಲದ ಒಂದು ಕೋಣೆಗೆ ಹೋಗಿ ಸುಮ್ನೆ ಹಾರಿ ನೋಡಿ. ಬಟನ್ ಮೆಲ್ಲಗೆ ಒತ್ತಿ ಬಿಟ್ಟರೆ ಗಿಡ್ಡ ಜಿಗಿತ, ಒತ್ತಿ ಹಿಡಿದರೆ ಎತ್ತರದ ಜಿಗಿತ ಬರುತ್ತಾ? ಕಟ್ಟೆಯ ಅಂಚಿನಿಂದ ಕೂದಲೆಳೆಯಷ್ಟು ಆಚೆ ಹೋದ ಮೇಲೆ ಬಟನ್ ಒತ್ತಿದರೂ ಹಾರುತ್ತಾನಾ? ಒಳ್ಳೆಯ ಗೇಮ್‌ಗಳಲ್ಲಿ ಇಂಥ ಸಣ್ಣ ರಿಯಾಯಿತಿ ಕೊಟ್ಟಿರುತ್ತಾರೆ. ಕೊಯೋಟಿ ಟೈಮ್ ಅಂತ ಅದಕ್ಕೆ ಹೆಸರು. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುವ ಗೇಮ್‌ನಲ್ಲಿ ನಾಲ್ಕೈದು ಫ್ರೇಮ್ ಅಂದರೆ ಸೆಕೆಂಡಿನ ಹನ್ನೆರಡನೇ ಒಂದು ಭಾಗದಷ್ಟು. ಆಡುವವರಿಗೆ ಅದು ಕಾಣುವುದೇ ಇಲ್ಲ, ‘ಹೇಳಿದ ಹಾಗೆ ಕೇಳುತ್ತೆ’ ಅಂತ ಮಾತ್ರ ಅನ್ನಿಸುತ್ತದೆ. ಈ ಹಿತ ನಿಮ್ಮ ಗೇಮ್‌ನಲ್ಲಿ ಇಲ್ಲದಿದ್ದರೆ ಗೆಳೆಯನ ಹತ್ತು ಗಂಟೆಗಾಗಿ ಕಾಯಬೇಡಿ. ಇದ್ದರೆ ಮುಂದೆ ಓದಿ.

ಬಾಸ್ ವಿಷಯದಲ್ಲಿ ತಪ್ಪು ಯಾರದು? ನಾನು ಬಳಸುವ ಪರೀಕ್ಷೆ ಒಂದೇ. ಸತ್ತ ಕೂಡಲೇ ಕಂಟ್ರೋಲರ್ ಕೆಳಗಿಟ್ಟು, ಯಾಕೆ ಸತ್ತೆ ಅಂತ ಒಂದೇ ವಾಕ್ಯದಲ್ಲಿ ಜೋರಾಗಿ ಹೇಳಿ. ‘ಗದೆ ಎತ್ತಿದಾಗ ಹಿಂದೆ ಸರಿಯಬೇಕಿತ್ತು, ಆಸೆಪಟ್ಟು ಇನ್ನೊಂದು ಏಟು ಹಾಕಲು ಹೋದೆ.’ ಹೀಗೆ ಹೇಳಲು ಆದರೆ ಗೇಮ್ ನ್ಯಾಯವಾಗಿದೆ, ನೀವು ಕಲಿಯುತ್ತಿದ್ದೀರಿ. ‘ಏನಾಯಿತೋ ಗೊತ್ತಾಗಲಿಲ್ಲ’ ಅನ್ನುವ ಉತ್ತರವೇ ಮತ್ತೆ ಮತ್ತೆ ಬಂದರೆ ಗೇಮ್ ನಿಮಗೆ ಏನನ್ನೋ ತೋರಿಸುತ್ತಿಲ್ಲ.

ಇದನ್ನು ನಾನು ಕಲಿತಿದ್ದು ಒಂದು ಸಣ್ಣ ತಂಡದಲ್ಲಿದ್ದಾಗ. ನಾವು ಮಾಡಿದ ಮೊದಲ ಬಾಸ್ ನಮಗೆಲ್ಲ ನೀರು ಕುಡಿದಷ್ಟು ಸುಲಭ. ಹೊರಗಿನವರನ್ನು ಕರೆದು ಆಡಿಸಿದೆವು. ಯಾರಿಗೂ ಆಗಲಿಲ್ಲ. ಬಾಸ್‌ನ ಆಯಸ್ಸನ್ನು, ಅಂದರೆ ಎಷ್ಟು ಏಟು ತಿಂದು ಸಾಯುತ್ತಾನೆ ಅನ್ನುವುದನ್ನು, ಕಾಲು ಭಾಗ ಇಳಿಸಿದೆವು. ಆಗಲೂ ಅದೇ ಕಥೆ. ಆಮೇಲೆ ನಾನು ಅವರ ಹಿಂದೆ ಕೂತು, ಬಾಯಿ ಮುಚ್ಚಿಕೊಂಡು, ಪರದೆಯ ಬದಲು ಅವರ ಮುಖವನ್ನೇ ನೋಡಿದೆ. ಏಟು ಬಿದ್ದ ಮೇಲೆ ಅವರು ಬೆಚ್ಚುತ್ತಿದ್ದರು. ಬೀಳುವ ಮೊದಲು ಯಾರ ಮುಖದಲ್ಲೂ ಬದಲಾವಣೆ ಇರಲಿಲ್ಲ. ಅಂದರೆ ಏಟು ಬರುತ್ತಿದೆ ಅನ್ನುವ ಸುಳಿವೇ ಅವರಿಗೆ ಸಿಕ್ಕಿರಲಿಲ್ಲ. ಹೋಗಿ ನೋಡಿದರೆ, ಬಾಸ್ ಕೈ ಎತ್ತುವ ಭಂಗಿಗೆ ನಾವು ಕೊಟ್ಟಿದ್ದು 10 ಫ್ರೇಮ್. ಸೆಕೆಂಡಿನ ಆರನೇ ಒಂದು ಭಾಗ. ಕಣ್ಣಿಗೆ ಕಂಡದ್ದಕ್ಕೆ ಮನುಷ್ಯ ಬೆರಳು ಅಲ್ಲಾಡಿಸಲು ಸುಮಾರು ಕಾಲು ಸೆಕೆಂಡ್ ಬೇಕು. ನಮಗೆ ಆಗುತ್ತಿದ್ದದ್ದು ನೋಡಿ ಅಲ್ಲ, ಬಾಯಿಪಾಠದಿಂದ. ಆ ಭಂಗಿಯನ್ನು 24 ಫ್ರೇಮ್‌ಗೆ ಹಿಗ್ಗಿಸಿದೆವು. ಆಯಸ್ಸನ್ನು ಮೊದಲಿನಷ್ಟೇ ಮಾಡಿದೆವು. ಜನ ಗೆಲ್ಲತೊಡಗಿದರು. ಗೆದ್ದವರು ‘ಕಷ್ಟ ಇತ್ತು, ಆದರೆ ಮಜಾ ಇತ್ತು’ ಅಂದರು. ಅವತ್ತು ನನಗಾದ ಸಂತೋಷ ಈಗಲೂ ನೆನಪಿದೆ.

ಗೇಮ್ ಮಾಡುವವರಿಗೆ ಶುರುವಿನ ಕಷ್ಟ ಕಾಣಿಸದೆ ಹೋಗಲು ಇದೇ ಕಾರಣ. ವರ್ಷಗಟ್ಟಲೆ ಅದೇ ಕೋಣೆಯಲ್ಲಿ ಓಡಾಡಿದವರು ಮತ್ತೆ ಹೊಸಬರಾಗಲು ಸಾಧ್ಯವಿಲ್ಲ. ದೊಡ್ಡ ಹೆಸರಿನವರಿಗೂ ಇದು ತಪ್ಪಿದ್ದಲ್ಲ. ಹಾಲೋ ನೈಟ್ ಮಾಡಿದ ಟೀಮ್ ಚೆರ್ರಿಯ ಸಿಲ್ಕ್‌ಸಾಂಗ್ 2025ರ ಸೆಪ್ಟೆಂಬರ್ 4ರಂದು ಬಂತು. ಬಂದ ಕೂಡಲೇ ಎದ್ದ ದೊಡ್ಡ ಚರ್ಚೆ ಅದರ ಕಷ್ಟದ್ದೇ. ಅಲ್ಲಿ ನಾಯಕಿ ಹಾರ್ನೆಟ್‌ಗೆ ಶುರುವಿನಲ್ಲಿ 5 ಮಾಸ್ಕ್, ಅಂದರೆ 5 ಘಟಕ ಆಯಸ್ಸು. ಹಲವು ಬಾಸ್‌ಗಳ ಏಟಿಗೆ ಒಂದಲ್ಲ, 2 ಮಾಸ್ಕ್ ಹೋಗುತ್ತವೆ. ಮೂರು ಏಟಿಗೆ ಸಾವು. ಈಗ ಕಷ್ಟಪಟ್ಟು ನಾಲ್ಕು ಚೂರು ಹುಡುಕಿ ಆರನೇ ಮಾಸ್ಕ್ ಮಾಡಿಕೊಂಡಿರಿ ಅನ್ನಿ. 6ನ್ನು 2ರಿಂದ ಭಾಗಿಸಿ. ಆಗಲೂ ಮೂರೇ ಏಟು! ಅಂಥ ಬಾಸ್ ಎದುರು ಆ ಮೊದಲ ಬಹುಮಾನದಿಂದ ಏನೂ ಬದಲಾಗಲಿಲ್ಲ. ಈ ಗೇಮ್‌ಗಳಲ್ಲಿ ಸುತ್ತಾಟಕ್ಕೆ ಸಿಗುವ ಸಂಬಳವೇ ಶಕ್ತಿ. ಸಂಬಳ ಬಂದರೂ ಜೇಬು ಖಾಲಿ ಅನ್ನಿಸಿದರೆ ಆಡುವವರಿಗೆ ಸಿಟ್ಟು ಬರುವುದು ಸಹಜ. ಅದಕ್ಕೆ ಪ್ರತಿಯಾಗಿ ಹಾರ್ನೆಟ್ ಒಂದೇ ಸಲಕ್ಕೆ 3 ಮಾಸ್ಕ್ ವಾಪಸ್ ಪಡೆಯಬಲ್ಲಳು, ಗಾಳಿಯಲ್ಲಿದ್ದಾಗಲೂ. ಹಾಗಾಗಿ ತೂಕ ಪೂರ್ತಿ ತಪ್ಪಿದೆ ಅಂತ ನಾನು ಹೇಳಲಾರೆ. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತಂಡ ಒಂದು ಪ್ಯಾಚ್ (ಗೇಮ್‌ಗೆ ತಿದ್ದುಪಡಿ) ತಂದು ಮೂರ್‌ವಿಂಗ್, ಸಿಸ್ಟರ್ ಸ್ಪ್ಲಿಂಟರ್ ಅನ್ನುವ ಶುರುವಿನ ಎರಡು ಬಾಸ್‌ಗಳನ್ನು ತುಸು ಸಡಿಲ ಮಾಡಿತು. ಗಮನಿಸಿ, ಕೊನೆಯ ಬಾಸ್‌ಗಳನ್ನಲ್ಲ.

ಬಾಸ್ ಎದುರು ಸಿಕ್ಕಿಕೊಂಡಾಗ ಈ ಬಗೆಯ ಗೇಮ್ ಕೊಡುವ ದೊಡ್ಡ ಸೌಲಭ್ಯವನ್ನು ಹೊಸಬರು ಮರೆತೇಬಿಡುತ್ತಾರೆ. ಬಿಟ್ಟು ಬೇರೆ ಕಡೆ ಹೋಗಬಹುದು! ಲೆವೆಲ್ ಆದ ಮೇಲೆ ಲೆವೆಲ್ ಬರುವ ಗೇಮ್‌ನಲ್ಲಿ ಗೋಡೆ ಎದುರಾದರೆ ಗೋಡೆಯೇ ಗತಿ. ಇಲ್ಲಿ ಹಾಗಲ್ಲ. 1997ರ ಕ್ಯಾಸಲ್‌ವೇನಿಯಾ: ಸಿಂಫನಿ ಆಫ್ ದಿ ನೈಟ್ ಇದನ್ನು ಇನ್ನೂ ಸಲೀಸು ಮಾಡಿತು. ನಾಯಕ ಅಲುಕಾರ್ಡ್ ಒಳ್ಳೊಳ್ಳೆ ಆಯುಧ, ಕವಚ ತೊಟ್ಟು ಕೋಟೆಗೆ ನುಗ್ಗುತ್ತಾನೆ. ಸ್ವಲ್ಪ ಹೊತ್ತಿಗೇ ಡೆತ್ ಅನ್ನುವ ಶತ್ರು ಎದುರಾಗಿ ಅಷ್ಟನ್ನೂ ಕಿತ್ತುಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಬರಿಗೈ. ಆದರೆ ಶತ್ರುಗಳನ್ನು ಕೊಂದಷ್ಟೂ ಅನುಭವ ಸೇರಿ ಲೆವೆಲ್ ಏರುತ್ತದೆ. ಕೈಚಳಕ ಕಮ್ಮಿ ಇದ್ದವರೂ ಸುತ್ತಾಡುತ್ತಾ ಬಲಿಯುತ್ತಾರೆ. ಇದರ ಇನ್ನೊಂದು ಮುಖ ಏನೆಂದರೆ, ಎಲ್ಲ ಮೂಲೆ ಹುಡುಕುವವರಿಗೆ ಕೊನೆಯ ಭಾಗ ತೀರಾ ಸುಲಭವಾಗಿಬಿಡುತ್ತದೆ. ನನ್ನನ್ನು ಕೇಳಿದರೆ ಆ ನಷ್ಟ ಪರವಾಗಿಲ್ಲ. ನಾಲ್ಕನೇ ಗಂಟೆಯಲ್ಲಿ ಒಬ್ಬರು ಗೇಮ್ ಬಿಟ್ಟು ಹೋಗುವುದಕ್ಕಿಂತ ಇಪ್ಪತ್ತನೇ ಗಂಟೆಯಲ್ಲಿ ‘ಸ್ವಲ್ಪ ಸುಲಭವಾಯಿತು’ ಅನ್ನುವುದು ಮೇಲು.

ಹಾಗಾಗಿ ನಿಮ್ಮ ಮ್ಯಾಪ್ ತೆರೆದು ನೋಡಿ. ಬಾಸ್ ಇರುವ ದಿಕ್ಕು ಬಿಟ್ಟು ತೆರೆದೇ ಇರುವ ದಾರಿಗಳು ಎಷ್ಟಿವೆ? ಎರಡಾದರೂ ಇದ್ದರೆ ಗೇಮ್ ನಿಮಗೆ ಆಯ್ಕೆ ಕೊಟ್ಟಿದೆ, ನೀವು ತೆಗೆದುಕೊಂಡಿಲ್ಲ. ಮೊಂಡು ಹಿಡಿದು ಒಂದೇ ಬಾಗಿಲಿಗೆ ತಲೆ ಚಚ್ಚಿಕೊಳ್ಳಬೇಡಿ. ದಾರಿಯೇ ಇಲ್ಲದೆ, ಎಲ್ಲ ಕಡೆ ಬೀಗ ಇದ್ದು ಆ ಬಾಸ್ ಒಬ್ಬನೇ ಉಳಿದಿದ್ದರೆ, ಅದರ ಮೇಲೆ ಎರಡು ನಿಮಿಷದ ಓಟವೂ ಇದ್ದರೆ, ಗೇಮ್ ಮಾಡಿದವರು ತಪ್ಪು ಮಾಡಿದ್ದಾರೆ. ಸುತ್ತಾಟದ ಗೇಮ್‌ನಲ್ಲಿ ಕೈಗೂ ಕಷ್ಟ, ಕಾಲಿಗೂ ಕಷ್ಟ ಒಟ್ಟಿಗೇ ಕೊಡಬಾರದು. ದಾರಿ ಹುಡುಕಿ ತಲೆ ಬಿಸಿಯಾದಾಗ ಶತ್ರುಗಳು ಮೆತ್ತಗಿರಬೇಕು. ಶತ್ರು ಗಟ್ಟಿಯಾಗಿದ್ದಾಗ ದಾರಿ ಹತ್ತಿರ ಇರಬೇಕು.

ಈಸಿ ಮೋಡ್ ಬಗ್ಗೆ ನಿಮಗಿರುವ ಅಳುಕು ಬೇಡ. ಒರಿ ಆ್ಯಂಡ್ ದಿ ಬ್ಲೈಂಡ್ ಫಾರೆಸ್ಟ್ 2015ರಲ್ಲಿ ಬಂದಾಗ ಕಷ್ಟದ ಮಟ್ಟ ಆರಿಸುವ ಅವಕಾಶ ಇರಲಿಲ್ಲ. ಮರುವರ್ಷದ ಡೆಫಿನಿಟಿವ್ ಎಡಿಷನ್‌ನಲ್ಲಿ ಈಸಿಯೂ ಬಂತು, ಒಂದೇ ಜೀವದ ಮೋಡೂ ಬಂತು. ಮೆಟ್ರಾಯ್ಡ್ ಡ್ರೆಡ್‌ಗೆ 2022ರ ಫೆಬ್ರವರಿಯಲ್ಲಿ ರೂಕಿ ಮೋಡ್, ಅಂದರೆ ಹೊಸಬರಿಗೆ ಸುಲಭದ ಮೋಡ್, ಸೇರಿಸಿದರು. 2024ರ ಪ್ರಿನ್ಸ್ ಆಫ್ ಪರ್ಷಿಯಾ: ದಿ ಲಾಸ್ಟ್ ಕ್ರೌನ್‌ನಲ್ಲಿ ಶತ್ರುವಿನ ಏಟು, ಶತ್ರುವಿನ ಆಯಸ್ಸು ಇವನ್ನೆಲ್ಲ ಬೇರೆ ಬೇರೆಯಾಗಿ ಏರಿಸಬಹುದು, ಇಳಿಸಬಹುದು. ಆಮೇಲೆ ಬರಬೇಕಾದ ಜಾಗದ ಫೋಟೋ ತೆಗೆದು ಮ್ಯಾಪ್‌ಗೆ ಅಂಟಿಸುವ ಸೌಲಭ್ಯವೂ ಅದರಲ್ಲಿದೆ. ನನ್ನ ಮಟ್ಟಿಗೆ ಅದು ಯಾವ ಈಸಿ ಮೋಡ್‌ಗಿಂತ ದೊಡ್ಡ ಉಪಕಾರ. ಇವೆಲ್ಲ ಗೇಮ್ ಮಾಡಿದವರೇ ಇಟ್ಟಿರುವ ಬಾಗಿಲುಗಳು. ಯಾವ ಬಾಗಿಲಿನಿಂದ ಒಳಗೆ ಬಂದರೂ ಗೇಮ್ ಅದೇ.

ಆದರೆ ಯಾವುದನ್ನು ಇಳಿಸಬೇಕು ಅನ್ನುವುದರಲ್ಲಿ ಎಚ್ಚರ ಇರಲಿ. ಬೇರೆ ಬೇರೆಯಾಗಿ ಬದಲಿಸಲು ಅವಕಾಶ ಇದ್ದರೆ ಬಾಸ್‌ನ ಆಯಸ್ಸು ಇಳಿಸಬೇಡಿ. ನಿಮಗೆ ಬೀಳುವ ಏಟಿನ ಬಲ ಇಳಿಸಿ. ಆಯಸ್ಸು ಇಳಿಸಿದರೆ ಬಾಸ್ ಬೇಗ ಸಾಯುತ್ತಾನೆ, ಅವನ ಚಲನೆ ನಿಮಗೆ ಅರ್ಥವಾಗುವ ಮೊದಲೇ. ಮುಂದಿನ ಬಾಸ್ ಎದುರು ಮತ್ತೆ ಅಷ್ಟೇ ಹೊಸಬರಾಗಿ ನಿಲ್ಲುತ್ತೀರಿ. ಏಟಿನ ಬಲ ಇಳಿಸಿದರೆ ಕಾಳಗದಲ್ಲಿ ಹೆಚ್ಚು ಹೊತ್ತು ಉಳಿಯುತ್ತೀರಿ. ಆ ಹೊತ್ತಿನಲ್ಲೇ ಕಣ್ಣು ಪಳಗುತ್ತದೆ. ಬಾಸ್ ಗೆದ್ದ ಮೇಲೆ ಮೊದಲಿನ ಮಟ್ಟಕ್ಕೆ ತಂದು ನೋಡಿ. ಎಷ್ಟೋ ಜನಕ್ಕೆ ಆಮೇಲೆ ಇಳಿಸುವ ಅಗತ್ಯವೇ ಬರುವುದಿಲ್ಲ.

ಹಣ ವಾಪಸ್ ಪಡೆಯುವ ಯೋಚನೆ ಇದ್ದರೆ, ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದಾಗ ಕೇಳಬೇಕು. ನೀವು ಆ ಗಡಿ ದಾಟಿದ್ದೀರಿ. ಮುಂದಿನ ಸಲ ಮೊದಲ ಒಂದೂವರೆ ಗಂಟೆಯೊಳಗೇ ಜಿಗಿತದ ಪರೀಕ್ಷೆ ಮಾಡಿಬಿಡಿ.

ಈ ವಾರ ಹೀಗೆ ಮಾಡಿ ನೋಡಿ. ಟಿವಿಯಲ್ಲಿ ಆಡುತ್ತಿದ್ದರೆ ಮೊದಲು ಅದರ ಗೇಮ್ ಮೋಡ್ ಹಾಕಿ. ಕೆಲವು ಟಿವಿಗಳು ಚಿತ್ರವನ್ನು ಚೆಂದ ಮಾಡಲು ಹೋಗಿ ತಡವಾಗಿ ತೋರಿಸುತ್ತವೆ. ಬಾಸ್ ಕೈ ಎತ್ತಿದ್ದು ನಿಮಗೆ ಕಾಣುವ ಹೊತ್ತಿಗೆ ಐದಾರು ಫ್ರೇಮ್ ಕಳೆದೇ ಹೋಗಿರಬಹುದು. ಇನ್ನು ಉಳಿದ ದಾರಿಗಳಲ್ಲಿ ಒಂದು ಗಂಟೆ ಸುತ್ತಾಡಿ. ಆಮೇಲೆ ಬಾಸ್ ಹತ್ತಿರ ಹೋಗಿ. ಮೊದಲ ಮೂರು ಸಲ ಅವನಿಗೆ ಒಂದು ಏಟೂ ಹಾಕಬೇಡಿ. ಕತ್ತಿ ಒಳಗಿರಲಿ. ತಪ್ಪಿಸಿಕೊಳ್ಳುವುದು ಮಾತ್ರ ಕೆಲಸ. ಯಾವ ಭಂಗಿಯ ಹಿಂದೆ ಯಾವ ಏಟು ಬರುತ್ತದೆ ಅಂತ ನೋಡಿ. ನಾಲ್ಕನೇ ಸಲ ಹೊಡೆಯಲು ಶುರು ಮಾಡಿ. ಸತ್ತರೆ ಆ ಒಂದು ವಾಕ್ಯ ಹೇಳಿಕೊಳ್ಳಿ. ಐದಾರು ಸಲ ಆದ ಮೇಲೂ ಬಾಯಿಗೆ ವಾಕ್ಯವೇ ಬರದಿದ್ದರೆ ಆ ಗೇಮ್ ಬದಿಗಿಡಿ, ತಪ್ಪು ನಿಮ್ಮದಲ್ಲ. ವಾಕ್ಯ ಬರುತ್ತಿದ್ದರೆ, ಪ್ರತಿ ಸಲ ಬೇರೆ ಬೇರೆ ಬರುತ್ತಿದ್ದರೆ, ಇನ್ನೊಂದು ಸಂಜೆ ಅದಕ್ಕೆ ಕೊಡಿ. ಗೆದ್ದಾಗ ನನಗೂ ಎರಡು ಸಾಲು ಬರೆಯಿರಿ.